ಗುಂಡಿಯಲ್ಲಿ ಚಿಗುರಿದ ಸುರಕ್ಷತಾ ಅಧಿಕಾರಿ

ಮಲೆನಾಡಿನಲ್ಲಿ ಸಾರ್ವಜನಿಕ ಸುರಕ್ಷತೆಯ ಹೊಣೆ ಹೊತ್ತವರು ಯಾರು ಎಂದು ಕೇಳಿದರೆ ನಾನು ಹಿಂದುಮುಂದು ನೋಡದೆ ಗೊಬ್ಬರದ ಗಿಡ ಎನ್ನುತ್ತೇನೆ. ಓದಿದವರು ಗ್ಲಿರಿಸಿಡಿಯಾ ಎನ್ನುವ ಅದೇ ಬೇಲಿ ಗಿಡ. ಚರಂಡಿಯ ಚಪ್ಪಡಿ ಮುರಿದರೆ, ಮೋರಿಯ ಅಂಚು ಕೊಚ್ಚಿ ಹೋದರೆ, ಪಕ್ಕದ ಅಂಗಡಿಯವನು ಒಂದು ಕೊಂಬೆ ಮುರಿದು ತಂದು ಗುಂಡಿಯ ಬಾಯಿಗೆ ಚುಚ್ಚುತ್ತಾನೆ. ತುದಿಗೆ ಹರಿದ ಸಿಮೆಂಟ್ ಚೀಲದ ಒಂದು ಚೂರು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು; ಕೊಂಬೆ ಅದಕ್ಕೂ ಮೊದಲೇ ಸೇವೆಯಲ್ಲಿತ್ತು, ಈಗಲೂ ಇದೆ. ಸಂಬಳವಿಲ್ಲ, ವರ್ಗಾವಣೆಯಿಲ್ಲ. ಮೇಕೆ ಬಾಯಿ ಹಾಕಿದರೆ ಮಾತ್ರ ಸ್ವಯಂ ನಿವೃತ್ತಿ.

ಬಯಲುಸೀಮೆಯಲ್ಲಾದರೆ ಇಂಥ ಕೊಂಬೆ ವಾರದೊಳಗೆ ಒಣಗಿ ಉರುಳುತ್ತದೆ. ನಮ್ಮ ಮಳೆಗೆ ಅದು ಚಿಗುರುತ್ತದೆ. ಜೂನ್‌ನಲ್ಲಿ ಚುಚ್ಚಿದ್ದು ಗಣಪತಿ ಹಬ್ಬದ ಹೊತ್ತಿಗೆ ಚರಂಡಿಯ ಕೆಸರಿನಲ್ಲಿ ಬೇರಿಳಿಸಿ, ಸೊಂಪಾಗಿ ರೆಂಬೆ ಒಡೆದು, ದಾರಿಹೋಕರಿಗೆ ನೆರಳು ಕೊಡುವ ಮಟ್ಟಕ್ಕೆ ಬಂದಿರುತ್ತದೆ. ಅಷ್ಟರಲ್ಲಿ ಅಪ್ಪಿತಪ್ಪಿ ಚಪ್ಪಡಿ ಮಂಜೂರಾಯಿತೆನ್ನಿ. ಬಂದ ಗುತ್ತಿಗೆದಾರ ಗಿಡವನ್ನು ನೋಡಿ ಕೈಕಟ್ಟಿ ನಿಲ್ಲುತ್ತಾನೆ: ‘ಇಲ್ಲಿ ಮರವಿದೆ, ಅನುಮತಿ ಬೇಕು.’ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಗ್ಲಿರಿಸಿಡಿಯಾ ಅನುಮತಿ ಬೇಡದ ಮರಗಳ ಪಟ್ಟಿಯಲ್ಲೇ ಇದೆ. ಹಾಗೆಂದು ಹೇಳಿ ನೋಡಿ, ‘ಅನುಮತಿ ಬೇಡ ಎನ್ನುವುದಕ್ಕೆ ಒಂದು ಅನುಮತಿ ಪತ್ರ ತನ್ನಿ’ ಎನ್ನುತ್ತಾರೆ. ಕಡತ ಮೇಜಿನಿಂದ ಮೇಜಿಗೆ ನಡೆಯುತ್ತದೆ. ಗಿಡ ನಿಂತಲ್ಲೇ ಬೆಳೆಯುತ್ತದೆ.

ಈ ನಡುವೆ ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ? ಕೊಂಬೆ ಇದ್ದರೆ ‘ಎಚ್ಚರಿಕೆ ಇತ್ತಲ್ಲ, ಕಣ್ಣಿರಲಿಲ್ಲವೇ’ ಎನ್ನುತ್ತಾರೆ. ಇಲ್ಲದಿದ್ದರೆ ‘ದಿನಾ ಓಡಾಡುವ ದಾರಿ, ಗೊತ್ತಿರಬೇಕಿತ್ತಲ್ಲ’ ಎನ್ನುತ್ತಾರೆ. ಕಾನೂನು ಇದನ್ನು ಸಹನಿರ್ಲಕ್ಷ್ಯ ಎಂಬ ತಕ್ಕಡಿಯಲ್ಲಿ ತೂಗಿ, ಬಿದ್ದವನ ಪಾಲಿನ ತಪ್ಪಿನಷ್ಟು ಪರಿಹಾರ ಕಡಿತ ಮಾಡುತ್ತದೆ. ಆ ತಕ್ಕಡಿಯವರೆಗೆ ತಲುಪುವುದೇ ಸಾಹಸ. ಡಾಂಬರು ಒಬ್ಬರದು, ಚರಂಡಿ ಇನ್ನೊಬ್ಬರದು, ಪೈಪಿಗಾಗಿ ಅಗೆದವರು ಮತ್ತೊಬ್ಬರು, ಕೇಬಲ್ಲಿಗಾಗಿ ಅಗೆದವರು ಯಾರೆಂದು ಯಾರಿಗೂ ತಿಳಿಯದು. ಗುಂಡಿಗೆ ಮಾತ್ರ ವಾರಸುದಾರರಿಲ್ಲ. ಮುರಿದ ಕಾಲು ನಿರ್ವಿವಾದವಾಗಿ ನಿಮ್ಮದು. ಇನ್ನು ಸರ್ಕಾರದ ಮೇಲೆ ದಾವೆ ಹೂಡಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಗುಂಡಿಯು ನಿಮಗೆ ಎರಡು ಸೆಕೆಂಡಿನ ನೋಟಿಸನ್ನೂ ಕೊಟ್ಟಿರುವುದಿಲ್ಲ ಎನ್ನುವುದು ಬೇರೆ ಮಾತು.

ದಂಡದ ದರಪಟ್ಟಿ ಇನ್ನೂ ಸೊಗಸು. ಸಾರ್ವಜನಿಕ ದಾರಿಯಲ್ಲಿ ಅಪಾಯ ಉಂಟುಮಾಡಿದವನಿಗೆ 1860ರ ದಂಡ ಸಂಹಿತೆ ಇಟ್ಟದ್ದು ಇನ್ನೂರು ರೂಪಾಯಿವರೆಗಿನ ದಂಡ. ಒಂದೂವರೆ ಶತಮಾನ ಅದೇ ದರ ನಡೆಯಿತು. 2024ರ ಜುಲೈನಲ್ಲಿ ನ್ಯಾಯ ಸಂಹಿತೆ ಬಂದು ಅದು ಐದು ಸಾವಿರಕ್ಕೆ ಏರಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಸೆಕ್ಷನ್ ರಸ್ತೆಯನ್ನು ಕೆಟ್ಟದಾಗಿ ಕಟ್ಟಿದವರಿಗೆ, ನೋಡಿಕೊಳ್ಳದವರಿಗೆ ಒಂದು ಲಕ್ಷದವರೆಗೆ ದಂಡ ಹಾಕುತ್ತದೆ. ಆದರೆ ಅದಕ್ಕೆ ಸಾವು ಅಥವಾ ಅಂಗವೈಕಲ್ಯ ಆಗಿರಬೇಕು. ಸೊಂಟ ಉಳುಕಿದವರು, ಎರಡು ಹಲ್ಲು ಕಳೆದುಕೊಂಡವರು ಅರ್ಹರಲ್ಲ. ಇನ್ನಷ್ಟು ಶ್ರದ್ಧೆಯಿಂದ ಬೀಳಬೇಕಿತ್ತು. ಹೆಲ್ಮೆಟ್ ಇಲ್ಲದ ತಲೆಗೆ ಐನೂರು ರೂಪಾಯಿ ರಸ್ತೆಯಲ್ಲೇ ವಸೂಲಾಗುತ್ತದೆ. ಅದೇ ರಸ್ತೆಯಲ್ಲಿ ನೂರು ಮೀಟರ್ ಮುಂದಿರುವ ಗುಂಡಿಗೆ ರಸೀದಿ ಹರಿದುಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಮರಗಳ ವಿಷಯ. ಗುಜರಾತಿನ ರಾಜಕೋಟದಲ್ಲಿ ಕಚೇರಿಗೆ ನಡೆದು ಹೋಗುತ್ತಿದ್ದ ಒಬ್ಬರ ಮೇಲೆ ರಸ್ತೆ ಬದಿಯ ಮರ ಇದ್ದಕ್ಕಿದ್ದಂತೆ ಬಿತ್ತು; ಪಾಲಿಕೆ ಹೊಣೆಯಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೆಹಲಿಯಲ್ಲಿ ಸ್ಕೂಟರ್ ಸವಾರರೊಬ್ಬರ ಮೇಲೆ ಒಣಗಿದ ಮರದ ಕೊಂಬೆ ಬಿತ್ತು. ಪಾಲಿಕೆಯೇ ಹೊಣೆ ಎಂದು 1999ರಲ್ಲಿ ಅದೇ ನ್ಯಾಯಾಲಯ ಹೇಳಿತು, ಸತ್ತ ಮರವನ್ನು ಮೊದಲೇ ತೆಗೆಸಬೇಕಿತ್ತಲ್ಲ. ಎರಡನ್ನೂ ಓದಿದ ಮಲೆನಾಡಿಗನಿಗೆ ಉಳಿಯುವ ದಾರಿ ಒಂದೇ: ಮರ ಮುರಿಯುವ ಸದ್ದು ಕೇಳಿದ ಕೂಡಲೇ ಓಡಬಾರದು, ತಲೆಯೆತ್ತಿ ಅದು ಹಸಿಯೋ ಒಣಗಿದ್ದೋ ಎಂದು ಪರೀಕ್ಷಿಸಬೇಕು. ಅದೂ ಸುಲಭವಲ್ಲ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆ ಹೋಗುವಾಗ ಸತ್ತ ಮರವೂ ಮೈತುಂಬ ಪಾಚಿ ಹೊದ್ದು, ಕವಲಿನಲ್ಲಿ ಜರಿಗಿಡ ಸಾಕಿಕೊಂಡು, ಸೀತಾಳೆ ದಂಡೆ ಮುಡಿದು ನವವಧುವಿನಂತೆ ನಿಂತಿರುತ್ತದೆ. ಇದಕ್ಕೆ ಜೀವವಿಲ್ಲ ಎಂದು ಸಾಕ್ಷಿ ಹೇಳುವವರು ಯಾರು? ಮರ ಬಿದ್ದ ಮರುದಿನ ಕಚೇರಿಯವರು ಅದನ್ನು ದೈವೇಚ್ಛೆ ಎನ್ನುತ್ತಾರೆ. ಯಾರೂ ಮುಂಗಾಣಲಾಗದ್ದು ಮಾತ್ರ ಕಾನೂನಿನ ಕಣ್ಣಿಗೆ ದೈವೇಚ್ಛೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಜುಲೈ ಮಳೆಯೂ ನಮ್ಮ ಕಚೇರಿಗಳಿಗೆ ಪ್ರತಿವರ್ಷ ಆಕಸ್ಮಿಕವೇ.

ಅಪಾಯವಿದೆ ಎಂದು ಕಚೇರಿಗೆ ಮೊದಲೇ ಗೊತ್ತಿತ್ತೇ ಎನ್ನುವುದರ ಮೇಲೆ ಇಂಥ ಅನೇಕ ಮೊಕದ್ದಮೆಗಳು ನಿಲ್ಲುತ್ತವೆ. ಆದ್ದರಿಂದ ಮುಂಚಿತವಾಗಿ ಅರ್ಜಿ ಕೊಡಿ ಎಂದು ವಕೀಲರು ಬುದ್ಧಿ ಹೇಳುತ್ತಾರೆ. ವಾಲಿದ ಮರದ ಬಗ್ಗೆ ಹೀಗೊಂದು ಅರ್ಜಿ ಹಿಡಿದು ನಾನೂ ಒಂದು ಕಚೇರಿಗೆ ಹೋಗಿದ್ದೆ. ಗುಮಾಸ್ತರು ಸಜ್ಜನರು. ಅರ್ಜಿಯನ್ನು ಪೂರ್ತಿ ಓದಿದರು, ಕಾಗುಣಿತ ಚೆನ್ನಾಗಿದೆ ಎಂದು ಹೊಗಳಿದರು. ನಕಲು ಪ್ರತಿಗೆ ಸ್ವೀಕೃತಿಯ ಮುದ್ರೆ ಒತ್ತಿ ಎಂದಾಗ ಮುದ್ರೆಯ ಡಬ್ಬಿಯನ್ನು ಮೆಲ್ಲಗೆ ಡ್ರಾಯರಿನೊಳಗೆ ಸರಿಸಿದರು. ‘ಅರ್ಜಿ ಬೇಕಾದರೆ ಇಲ್ಲಿ ಬಿಟ್ಟು ಹೋಗಿ ಸ್ವಾಮಿ’ ಎಂದರು, ‘ನಮಗೆ ಗೊತ್ತಾಗುವ ಹಾಗೆ ಮಾತ್ರ ಮಾಡಬೇಡಿ.’