ಖಾಲಿ ಬಾಟಲಿಗೆ ಬೆಲೆಯಿಲ್ಲದ ಊರು

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಇಲ್ಲಿನ ರಸ್ತೆಗಳ ಅಚ್ಚುಕಟ್ಟನ್ನು ಊರಿಗೆ ಫೋನ್ ಮಾಡಿ ಹೊಗಳಿದ್ದೇ ಹೊಗಳಿದ್ದು. ಹಳ್ಳಿದಾರಿಯ ಬೇಲಿಸಾಲಿನೊಳಕ್ಕೆ ಬಗ್ಗಿ ನೋಡಿದ ಮೇಲೆ ಆ ಹೊಗಳಿಕೆ ಅರ್ಧಕ್ಕಿಳಿಯಿತು.

ಕಳೆದ ತಿಂಗಳು ಅಂಥದೊಂದು ಬೇಲಿಯ ಬುಡದಿಂದ ಮುಚ್ಚಳವಿಲ್ಲದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಎತ್ತಿಕೊಂಡೆ. ತಳದಲ್ಲಿ ಎರಡು ಬೆರಳಷ್ಟು ಕಂದು ನೀರು, ಒದ್ದೆ ಹತ್ತಿಯಂಥ ಕೂದಲು, ಬೆಂಕಿಕಡ್ಡಿಗಿಂತ ತೆಳ್ಳನೆಯ ಮೂಳೆಗಳು. ಉದ್ದ ಮೂತಿಯ ಪುಟ್ಟ ಬುರುಡೆ, ಹಲ್ಲುಗಳ ತುದಿ ಕೆಂಪು. ಸುಂಡಿಲಿ. ಇಲ್ಲಿನವರು ಶ್ರೂ ಎನ್ನುವ, ಹತ್ತು ಗ್ರಾಂ ಆಸುಪಾಸು ತೂಗುವ ಈ ಪ್ರಾಣಿಗೆ ಎರಡು ಮೂರು ಗಂಟೆಗೊಮ್ಮೆ ಹೊಟ್ಟೆಗೆ ಬೀಳಲೇಬೇಕು. ಹುಳ ಹುಡುಕುತ್ತ ಬಾಟಲಿಯ ಕತ್ತಿನೊಳಗೆ ನುಗ್ಗುತ್ತದೆ. ಬಾಯಿ ಮೇಲಾಗಿ ಓರೆಯಾಗಿ ಬಿದ್ದ ಬಾಟಲಿಯಾದರೆ ಮುಗಿಯಿತು, ಒಳಮೈ ಜಾರುತ್ತದೆ, ಮೇಲೆ ಹತ್ತಲಾಗದು. ಸತ್ತದ್ದರ ವಾಸನೆಗೆ ಜೀರುಂಡೆಗಳು, ಜೀರುಂಡೆಗಳ ಆಸೆಗೆ ಮತ್ತೊಂದು ಸುಂಡಿಲಿ. ನನ್ನ ಕೈಲಿದ್ದ ಬಾಟಲಿಯಲ್ಲಿ ಮೂರು ಬುರುಡೆಗಳಿದ್ದವು.

ಇಲ್ಲಿನವರಿಗೆ ಕಾಳಜಿ ಇಲ್ಲವೆಂದಲ್ಲ. ಹೆಡ್ಜ್‌ಹಾಗ್ ಎಂದರೆ ಪ್ರಾಣ. (ನಾವು ಅದನ್ನು ಮುಳ್ಳುಹಂದಿ ಎಂದುಬಿಡುತ್ತೇವೆ; ನಮ್ಮ ಮುಳ್ಳುಹಂದಿಯ ಮುಂದೆ ಇದು ಅಂಗೈ ಮೇಲಿನ ಉಂಡೆ.) ಮೆಕ್‌ಡೊನಾಲ್ಡ್ಸ್‌ನ ಐಸ್‌ಕ್ರೀಂ ಕಪ್ಪಿನ ಮುಚ್ಚಳದೊಳಗೆ ಇವು ತಲೆ ತೂರಿಸಿ ಸಿಕ್ಕಿಕೊಳ್ಳುತ್ತಿದ್ದವು, ಹೆಡ್ಜ್‌ಹಾಗ್ ಸಂರಕ್ಷಣಾ ಸಂಘದವರು ಬೆನ್ನುಬಿಡದೆ ಕಾಡಿ 2006ರಲ್ಲಿ ಆ ಮುಚ್ಚಳದ ತೂತನ್ನು ಕಿರಿದು ಮಾಡಿಸಿದರು. ಒಂದು ತೂತಿಗೆ ಇಷ್ಟು ಹೋರಾಡುವ ಜನ ಬಾಟಲಿಗೊಂದು ಬೆಲೆ ಕಟ್ಟಲು ಮಾತ್ರ ಮೀನಮೇಷ ಎಣಿಸುತ್ತಾರೆ. ಜರ್ಮನಿಯಲ್ಲಿ 2003ರಿಂದಲೇ ಠೇವಣಿ ಪದ್ಧತಿ ಇದೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಅಂಗಡಿಗೆ ಮರಳಿಸಿದರೆ 25 ಸೆಂಟ್ ವಾಪಸ್. ಇಲ್ಲಿ ಅದಕ್ಕೆ 2027ರ ವಾಯಿದೆ.

ನಮ್ಮಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಟಲಿ ಖಾಲಿಯಾದರೆ ತೊಳೆದು ಅಟ್ಟಕ್ಕೆ, ಗುಜರಿಯವನು ಕೂಗಿದಾಗ ಚೌಕಾಸಿಗೆ. ಆ ಚೌಕಾಸಿಗೆ ನಿಲುಕದ ಪೊಟ್ಟಣಗಳು, ತೆಳು ಲೋಟಗಳು ಬಂದ ಮೇಲೆ ನಮ್ಮ ಘಾಟಿಗಳ ಅಂಚೂ ಕೆಟ್ಟಿತು. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲ, ಲೋಟಗಳಂಥವನ್ನು ನಿಷೇಧಿಸಿತು. ರಜೆಗೆ ಬಂದಾಗಲೆಲ್ಲ ಆ ನಿಷೇಧವನ್ನು ಕೈಚೀಲದಲ್ಲೇ ಹೊತ್ತು ತರುತ್ತೇನೆ, ಅಂಗಡಿಯವನು ಕೊಟ್ಟ ಪ್ಲಾಸ್ಟಿಕ್ ಕೈಚೀಲದಲ್ಲಿ.

ಬಂಡೀಪುರ ದಾಟಿ ನೀಲಗಿರಿಗೆ ಹೋದರೆ ಬೇರೆ ಕಥೆ. ಮದರಾಸು ಹೈಕೋರ್ಟಿನ ಒತ್ತಾಯದಿಂದ 2022ರಿಂದ ಅಲ್ಲಿ ಮದ್ಯದ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಕೊಡಬೇಕು, ಖಾಲಿ ಬಾಟಲಿ ತಂದರೆ ಮರಳಿ ಪಡೆಯಬಹುದು. ಒಡೆದ ಗಾಜು ಆನೆಯ ಕಾಲಿಗೆ ಚುಚ್ಚುತ್ತಿತ್ತೆಂದು ತಂದ ಏರ್ಪಾಡು ಅದು. ಸುಂಡಿಲಿಯ ನೆನಪು ಯಾರಿಗೂ ಇದ್ದಿರಲಾರದು. ಇರಬೇಕಾಗಿಯೂ ಇಲ್ಲ. ಹತ್ತು ರೂಪಾಯಿಯ ಬಾಟಲಿಯನ್ನು ಕುಡಿದವನು ಎಸೆದರೂ ಹಿಂದೆ ಬಂದವನು ಎತ್ತಿಕೊಳ್ಳುತ್ತಾನೆ.

ನನ್ನ ಬಾಟಲಿಯನ್ನು ಬೇಲಿಯ ಬುಡದಲ್ಲೇ ಬರಿದುಮಾಡಿ, ಅರ್ಧ ಮೈಲಿ ಹಿಡಿದು ನಡೆದೆ. ಕಸದ ಡಬ್ಬಿ ತುಂಬಿ ತುಳುಕುತ್ತಿತ್ತು.