ನಿಮಗೇನ್ರೀ, ನೀವು ಮಾತಾಡೋರು!

ಇವತ್ತು ಆಫೀಸಿನಲ್ಲಿ ಅರ್ಧ ದಿನದ ವ್ಯಕ್ತಿತ್ವ ವಿಕಸನ ತರಬೇತಿ ಇತ್ತು. ಮುಗಿಸಿಕೊಂಡು ಬಂದು ಮೂರು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ತನಕ ಬರೆಯುತ್ತೇನೆ. ಉದ್ದವಾಯಿತು ಅನ್ನಿಸಿದರೆ ದಾಟಿಕೊಂಡು ಹೋಗಿ. ನನ್ನ ಪೋಸ್ಟುಗಳನ್ನು ದಾಟಿಕೊಂಡು ಹೋಗುವುದು ನಿಮಗೇನೂ ಹೊಸದಲ್ಲ, ಅದು ನನಗೂ ಗೊತ್ತು.

ಮೊದಲಿಗೆ ಒಂದು ಫಾರಂ ಕೊಟ್ಟರು. ಹೊಸಬರು ಸಿಕ್ಕಾಗ ನೀವೇ ಮಾತು ಶುರು ಮಾಡುತ್ತೀರಾ, ಜನರ ನಡುವೆ ಇದ್ದಾಗ ಹುರುಪು ಬರುತ್ತದೆಯೇ, ಇಂಥ ಪ್ರಶ್ನೆಗಳು. ನಾನು ನನ್ನದಕ್ಕೆ ಟಿಕ್ ಹಾಕುತ್ತಲೇ ಪಕ್ಕದವಳದಕ್ಕೂ ಉತ್ತರ ಹೇಳಿಕೊಡುತ್ತಿದ್ದೆ. ಅಂಕ ಕೂಡಿಸುವ ಅಗತ್ಯವೇ ಇರಲಿಲ್ಲ. ಆಮೇಲೆ ಜನರ ಜೊತೆ ಬೆರೆತು ಮಾತಾಡುವ ಎಕ್ಸ್‌ಟ್ರೋವರ್ಟ್‌ಗಳು ಈ ಕಡೆ, ತಮ್ಮ ಪಾಡಿಗೆ ಇರುವ ಇಂಟ್ರೋವರ್ಟ್‌ಗಳು ಆ ಕಡೆ ಅಂತ ಕೂರಿಸಿ, ಸೋಶಿಯಲ್ ಮೀಡಿಯಾವನ್ನು ಚೆನ್ನಾಗಿ ಬಳಸುವುದು ಹೇಗೆ ಅಂತ ಪಾಠ ಶುರುವಾಯಿತು. ಆ ಕಡೆಯವರಿಗೆ ಪೂರ್ತಿ ಒಂದು ಗಂಟೆ. ಎಷ್ಟು ಪ್ರೀತಿ, ಎಷ್ಟು ಕಾಳಜಿ! ನಮ್ಮ ಕಡೆ ತಿರುಗಿದ ಮೇಷ್ಟ್ರು ನಕ್ಕು, "ನಿಮಗೇನ್ರೀ ಹೇಳೋದು? ನೀವು ಮಾತಾಡೋರು. ಸೋಶಿಯಲ್ ಮೀಡಿಯಾ ಇರೋದೇ ನಿಮಗೋಸ್ಕರ. ದಿನಕ್ಕೆ ಮೂರು ಪೋಸ್ಟ್ ಹಾಕಿ, ಸಾಕು" ಅಂದರು. ಊಟವಾದ ಮೇಲೆ ಒಂದೊಂದು ಅಂತ ಹೇಳಲಿಲ್ಲ, ಪುಣ್ಯ.

ಕೈ ಎತ್ತಿದೆ. ಎತ್ತದೇ ಇರುತ್ತೇನೆಯೇ? ನನ್ನ ವಾದ ಮಂಡಿಸಿದೆ. ಎರಡು ನಿಮಿಷವಾಗುವಷ್ಟರಲ್ಲಿ ಹಿಂದಿನ ಸಾಲಿನವರೊಬ್ಬರು ಗಡಿಯಾರ ನೋಡಿದರು. ಎದುರಿಗಿದ್ದ ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡತೊಡಗಿದಳು. ನಾನು ಮಾತು ಮೊಟಕು ಮಾಡಿ ಕೂತೆ. ನಾನು ಹೇಳಬೇಕೆಂದಿದ್ದದ್ದಕ್ಕೆ ಸಾಕ್ಷಿ ಅಲ್ಲೇ, ಆ ಕೋಣೆಯಲ್ಲೇ ಸಿಕ್ಕಿತ್ತು. ಮೇಷ್ಟ್ರಿಗೆ ಕಾಣಲಿಲ್ಲ, ಅಷ್ಟೆ.

ಫೋನಿನಲ್ಲಿ ಯಾರೂ ಗಡಿಯಾರ ನೋಡುವುದು ನನಗೆ ಕಾಣುವುದಿಲ್ಲ.

ನಮ್ಮಂಥವರನ್ನು ಪುಸ್ತಕದ ಕನ್ನಡದಲ್ಲಿ ಬಹಿರ್ಮುಖಿ ಅಂತಾರೆ, ಮನೆಯಲ್ಲಿ ಬಾಯಿಬಡುಕಿ ಅಂತಾರೆ. ಎರಡೂ ಕಡೆ ಒಂದು ಸಂಗತಿ ಬಿಟ್ಟುಹೋಗುತ್ತದೆ. ಬಹಿರ್ಮುಖಿಗೆ ಎದುರಿಗೊಂದು ಮುಖ ಬೇಕು. ನಾವು ಯೋಚಿಸಿ ಮಾತಾಡುವ ಜಾತಿಯಲ್ಲ, ಮಾತಾಡುತ್ತಾ ಯೋಚಿಸುವವರು. ಅರ್ಧ ಬೆಂದ ಯೋಚನೆ ಬಾಯಿಂದ ಹೊರಬೀಳುತ್ತದೆ, ಎದುರಿನ ಹುಬ್ಬು ಸ್ವಲ್ಪ ಮೇಲೇಳುತ್ತದೆ, ಅಲ್ಲೇ ತಿದ್ದಿಕೊಳ್ಳುತ್ತೇವೆ. "ಹಾಗಲ್ಲ, ನಾನು ಹೇಳಿದ್ದು ಏನಂದ್ರೆ..." ಅನ್ನುವುದು ನಮ್ಮ ಅರ್ಧ ಜೀವನ. ನಮ್ಮ ಬ್ರೇಕು ನಮ್ಮ ಕಾಲಡಿ ಇಲ್ಲ, ಎದುರಿನವರ ಮುಖದಲ್ಲಿದೆ. ಈಗ ನಮ್ಮನ್ನು ತಂದು ಕೂರಿಸಿರುವ ಜಾಗವನ್ನು ನೋಡಿ. ಹೆಸರಿಗೆ ಮುಖಪುಸ್ತಕ, ಮಾತಾಡುವಾಗ ಒಂದು ಮುಖವೂ ಕಾಣುವುದಿಲ್ಲ.

ಹೀಗಿರುವಾಗ "ನಿಮಗೇನ್ರೀ" ಅಂದರೆ ಸಿಟ್ಟು ಬರದೇ ಇರುತ್ತದೆಯೇ? ಬರೆಯುವ ಮುಂಚೆ ನಾಲ್ಕು ಸಲ ಯೋಚಿಸುವ ಇಂಟ್ರೋವರ್ಟ್ ಮಹನೀಯರಿಗೆ ಈ ಜಾಗ ಹೇಳಿ ಮಾಡಿಸಿದ್ದು. ನನ್ನ ಸ್ನೇಹಿತರ ಪಟ್ಟಿಯಲ್ಲಿ ಚೆನ್ನಾಗಿ ಬರೆಯುವವರೆಲ್ಲ ಎದುರು ಸಿಕ್ಕರೆ ತಲೆಯಾಡಿಸಿ ಹೋಗುವವರೇ. ಸಹಾಯ ಬೇಕಿರುವುದು ನಮಗೆ. ಒಂದು ಗಂಟೆ ಪಾಠ ನಮಗೆ ಮಾಡಬೇಕಿತ್ತು.

ಬರೀ ನನ್ನ ಹೊಟ್ಟೆಯುರಿ ಅಂದುಕೊಳ್ಳಬೇಡಿ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನವಿದೆ. ಇಮೇಲಿನಲ್ಲಿ ತಮ್ಮ ವ್ಯಂಗ್ಯ ವ್ಯಂಗ್ಯವಾಗಿಯೇ, ನೇರ ಮಾತು ನೇರವಾಗಿಯೇ ತಲುಪುತ್ತದೆ ಅಂತ ಬರೆದವರು ನೂರಕ್ಕೆ ಸುಮಾರು 78 ಸಲ ನಂಬಿದ್ದರು. ಓದಿದವರಿಗೆ ಸರಿಯಾಗಿ ತಿಳಿದದ್ದು ಸುಮಾರು 56 ಸಲ. ನಾಣ್ಯ ಚಿಮ್ಮಿ ನೋಡಿದ್ದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು! ಅದೇ ಮಾತನ್ನು ಬಾಯಲ್ಲಿ ಹೇಳಿದಾಗ ನಂಬಿಕೆಗೂ ನಿಜಕ್ಕೂ ಹೆಚ್ಚು ಅಂತರ ಇರಲಿಲ್ಲ. ಜೋಕು ಜೋಕಾಗಿ ತಲುಪುವುದಿಲ್ಲ ಅನ್ನುವ ಕಾರಣಕ್ಕೇ 1982ರಲ್ಲಿ ಸ್ಕಾಟ್ ಫಾಲ್ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ಎರಡು ಚುಕ್ಕಿ, ಒಂದು ಗೆರೆ, ಒಂದು ಕಂಸ ಸೇರಿಸಿ ನಗುಮುಖ ಬಳಸೋಣ ಅಂದದ್ದು. ಅಂದಿನಿಂದ ಇಂದಿನವರೆಗೆ ಸಾವಿರಾರು ಎಮೋಜಿ ಬಂದವು. ನಾನು ಗೇಲಿ ಮಾಡಿದ್ದೆ ಅಂತ ಮುನಿಸಿಕೊಂಡ ಅತ್ತಿಗೆಯ ಮುನಿಸು ಮಾತ್ರ ಮೂರು ಕಣ್ಣೀರಿನ ನಗುಮುಖ ಹಾಕಿದರೂ ಇಳಿಯಲಿಲ್ಲ.

ಮೇಷ್ಟ್ರಿಗೂ ಒಂದು ಆಧಾರವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಂಟರ್ನೆಟ್ಟಿನಿಂದ ಹೆಚ್ಚು ಲಾಭ ಎಕ್ಸ್‌ಟ್ರೋವರ್ಟ್‌ಗಳಿಗೇ ಅಂತ ಸಂಶೋಧನೆ ಹೇಳುತ್ತದೆ ಅಂದರು. ಹೌದು, ಹೇಳುತ್ತದೆ. 2002ರಲ್ಲಿ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು ಬರೆದದ್ದು. ಬಳಗ ಇದ್ದವರಿಗೇ ಬಳಗ ಇನ್ನಷ್ಟು ಗಟ್ಟಿಯಾಯಿತು, ಉಳ್ಳವರಿಗೇ ಮತ್ತಷ್ಟು ಅನ್ನುವ ಹಾಗೆ. ಆದರೆ ಸ್ವಾಮಿ, ಇಸವಿ ನೋಡಿ. ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ. ಲೈಕ್ ಬಟನ್ ಬಂದದ್ದು 2009ರಲ್ಲಿ. ಆಗಿನ ಇಂಟರ್ನೆಟ್ಟಿನಲ್ಲಿ ಜನ ಹೆಚ್ಚಾಗಿ ಇಮೇಲ್ ಬರೆಯುತ್ತಿದ್ದರು, ಚಾಟ್ ಮಾಡುತ್ತಿದ್ದರು. ಆ ಕಡೆ ಉತ್ತರ ಕೊಡಲು ಒಬ್ಬರಿರುತ್ತಿದ್ದರು. ಅದು ಮಾತುಕತೆ. ಈಗ ಇರುವುದು ವೇದಿಕೆ, ಮೈಕು, ಕತ್ತಲಲ್ಲಿ ಕೂತ ಸಭಿಕರು, ಮತ್ತು ಎಷ್ಟು ಜನ ಚಪ್ಪಾಳೆ ತಟ್ಟಿದರು ಅಂತ ತೋರಿಸುವ ಒಂದು ಅಂಕಿ. ಆ ಅಂಕಿಗೆ ನಾವು ಬೀಳುವ ಹಾಗೆ ಯಾರೂ ಬೀಳುವುದಿಲ್ಲ. ಮುಖದ ಬದಲಿಗೆ ನಮಗೆ ಸಿಕ್ಕಿರುವುದು ಅದೊಂದೇ ತಾನೇ?

ಇನ್ನು ಕೆಲವರು ಈ ಲೇಬಲ್ಲೇ ಸುಳ್ಳು ಅಂತಾರೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಈ ಎರಡು ಪದಗಳನ್ನು ಜನಪ್ರಿಯ ಮಾಡಿದ, ನಿಜವಾಗಿ ನೋಡಿದರೆ ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ, ಇದು ಎರಡು ಡಬ್ಬಿಯಲ್ಲ, ಅಳತೆಪಟ್ಟಿ ಅಂತ. ಒಪ್ಪಿದೆ. ನಾನು ಪಟ್ಟಿಯ ಈ ತುದಿಯಲ್ಲಿ, ಇನ್ನೊಂದು ಹೆಜ್ಜೆ ಇಟ್ಟರೆ ಕೆಳಗೆ ಬೀಳುವಷ್ಟು ಅಂಚಿನಲ್ಲಿದ್ದೇನೆ. ಮುಂದಕ್ಕೆ ಹೋಗೋಣ.

ನನ್ನ ಪಟ್ಟಿಯಲ್ಲಿ ಮೂರು ಸಾವಿರದ ಎಂಟುನೂರು ಚಿಲ್ಲರೆ 'ಸ್ನೇಹಿತರು' ಇದ್ದಾರೆ. ಫೇಸ್‌ಬುಕ್ 5000 ತನಕ ಬಿಡುತ್ತದೆ. ಒಬ್ಬ ಮನುಷ್ಯ ನಿಜವಾಗಿ ನಿಭಾಯಿಸಬಹುದಾದ ಸಂಬಂಧಗಳು ಸುಮಾರು 150 ಅನ್ನುವುದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಲೆಕ್ಕ. ಆ ಲೆಕ್ಕದ ಬಗ್ಗೆ ತಕರಾರುಗಳಿವೆ, ಇರಲಿ. ನನ್ನ ತೊಂದರೆ ಸಂಖ್ಯೆಯದಲ್ಲ. ನನ್ನ ಹಳೇ ಟೀಚರ್, ನನ್ನ ಬಾಸ್, ಅತ್ತಿಗೆ, ಬಾಲ್ಯದ ಜಗಳಗಂಟಿ ಗೆಳತಿ, ಒಮ್ಮೆ ಮಾತ್ರ ರೈಲಿನಲ್ಲಿ ಸಿಕ್ಕವರು, ಇವರೆಲ್ಲ ಒಂದೇ ಕೋಣೆಯಲ್ಲಿ ಕೂತಿದ್ದಾರೆ. ಎದುರು ಸಿಕ್ಕರೆ ಟೀಚರ್ ಹತ್ತಿರ ನನ್ನ ದನಿಯೇ ಬೇರೆ, ಗೆಳತಿ ಹತ್ತಿರ ಬೇರೆ. ನಮ್ಮಂಥವರ ಜಾಣತನ ಇರುವುದೇ ಹಾಗೆ ದನಿ ಬದಲಿಸುವುದರಲ್ಲಿ. ಇಲ್ಲಿ ಎಲ್ಲರಿಗೂ ಒಂದೇ ದನಿ. ಗೆಳತಿಗೆ ಅಂತ ಹಾಕಿದ ಚೇಷ್ಟೆಗೆ ಟೀಚರ್ ಬಂದು "ಚೆನ್ನಾಗಿದ್ದೀಯೇನಮ್ಮ?" ಅಂತ ಕಾಮೆಂಟ್ ಹಾಕುತ್ತಾರೆ. ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ.

ವಾಟ್ಸ್ಯಾಪ್ ಕಥೆ ಕೇಳಿ. 2021ರಲ್ಲಿ ಅವರು ವಾಯ್ಸ್ ನೋಟನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಕೊಟ್ಟರು. 2022ರಲ್ಲಿ ಅಡ್ಮಿನ್‌ಗೆ ಬಿಟ್ಟು ಉಳಿದವರಿಗೆ ಗೊತ್ತಾಗದ ಹಾಗೆ ಗುಂಪು ಬಿಟ್ಟು ಹೋಗುವ ಸೌಲಭ್ಯ ಕೊಟ್ಟರು. ಅದೇ ವರ್ಷ, ಕಳಿಸಿದ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಲು ಎರಡು ದಿನಕ್ಕೂ ಮೇಲೆ ಕಾಲಾವಕಾಶ ಕೊಟ್ಟರು. 2017ರಲ್ಲಿ ಶುರುವಾದಾಗ ಅದು 7 ನಿಮಿಷವಿತ್ತು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲ ಎರಡು ನಮ್ಮಂಥವರಿಂದ ಜನರನ್ನು ಕಾಪಾಡಲು, ಮೂರನೆಯದು ನಮ್ಮನ್ನು ನಮ್ಮಿಂದಲೇ ಕಾಪಾಡಲು. ಇಡೀ ಕಂಪನಿ ನನ್ನನ್ನೇ ನೆನೆದುಕೊಂಡು ಕೆಲಸ ಮಾಡಿದ ಹಾಗಿದೆ.

ಈಗ ಹೇಳಬಾರದು ಅಂದುಕೊಂಡಿದ್ದನ್ನು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ನನ್ನ ಬಹಳ ಹತ್ತಿರದ ಗೆಳತಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ರಾತ್ರಿ ಫೋನ್ ಮಾಡಿ ಹೇಳಿದಳು. ನನಗೆ ಕುಣಿಯುವಷ್ಟು ಖುಷಿ. ಫೋನ್ ಇಟ್ಟವಳೇ ಇಬ್ಬರ ಹಳೇ ಫೋಟೋ ಹುಡುಕಿ, ಅಭಿನಂದನೆ ಬರೆದು, ಅವಳನ್ನು ಟ್ಯಾಗ್ ಮಾಡಿ ಹಾಕಿಬಿಟ್ಟೆ. ಅವಳು ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಅಳಿಸಿದೆ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಅವಳ ಮೇಲಧಿಕಾರಿಯ ಫೋನಿಗೆ ಹೋಗಿತ್ತು. ನೋಟಿಸ್ ಅವಧಿಯ ಎರಡು ತಿಂಗಳು ಅವಳು ಅಲ್ಲಿ ಏನೇನು ಅನುಭವಿಸಿದಳು ಅನ್ನುವುದನ್ನು ಅವಳು ನನಗೆ ಹೇಳಲಿಲ್ಲ. ನಾನಾಗಿ ಕೇಳುವ ಮುಖವೂ ಉಳಿದಿರಲಿಲ್ಲ. ಒಂದೇ ಮಾತು ಅಂದಳು: "ನಿನಗೆ ಖುಷಿ ತಡೆಯೋಕೆ ಆಗಲ್ಲ, ಗೊತ್ತು. ಆದ್ರೆ ಅದು ನನ್ನ ಖುಷಿ ಆಗಿತ್ತು ಕಣೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಚಿಕ್ಕಂದಿನಿಂದ ಸಾವಿರ ಸಲ ಬೈಸಿಕೊಂಡಿದ್ದೇನೆ. ಅವತ್ತು ಅರ್ಥವಾಯಿತು. ಎದುರು ಕೂತು ಹೇಳಿದ್ದರೆ ಅವಳ ಮುಖದಲ್ಲಿ ಆತಂಕ ಕಾಣುತ್ತಿತ್ತು. ಬಾಯಿ ಮುಚ್ಚುತ್ತಿದ್ದೆ. ಖಂಡಿತ ಮುಚ್ಚುತ್ತಿದ್ದೆ.

ಹಾಗಾದರೆ ಎಲ್ಲ ಬಿಟ್ಟು ಅಕೌಂಟ್ ಮುಚ್ಚಿಬಿಡು ಅಂತ ನನ್ನಣ್ಣ ಹೇಳುತ್ತಾನೆ. ಮಾತು ಬೆಳ್ಳಿ, ಮೌನ ಬಂಗಾರವಂತೆ. ಬೆಳ್ಳಿಯೇನು ಬೀದಿಯಲ್ಲಿ ಬಿದ್ದಿರುತ್ತದಾ? ನನಗೆ ಮೌನ ಬೇಡ, ಮುಖ ಬೇಕು. ಆ ಘಟನೆಯ ನಂತರ ನಾನು ಮಾಡಿಕೊಂಡ ಬದಲಾವಣೆಗಳೆಲ್ಲ ಮುಖವನ್ನು ವಾಪಸ್ ತರುವ ಉಪಾಯಗಳೇ. ಅರ್ಧ ಬೆಂದ ಯೋಚನೆ ಬಂದರೆ ಗೋಡೆಯ ಮೇಲೆ ಬರೆಯುವುದಿಲ್ಲ, ಒಬ್ಬರಿಗೆ ಫೋನ್ ಮಾಡುತ್ತೇನೆ. ಅವರು "ಹೂಂ, ಆದ್ರೆ..." ಅಂತ ಎಳೆದರೆ ಪೋಸ್ಟ್ ಅಲ್ಲೇ ಸತ್ತುಹೋಯಿತು. ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಅಂಟಿಸುವುದು ಬಿಟ್ಟಿದ್ದೇನೆ, ಫೇಸ್‌ಬುಕ್ ನೆನಪಿಸಿದ ಕೂಡಲೇ ಕರೆ ಮಾಡುತ್ತೇನೆ. ವಾಯ್ಸ್ ನೋಟ್ ಕಳಿಸುವ ಮುಂಚೆ ನಾನೇ ಒಮ್ಮೆ ಕೇಳುತ್ತೇನೆ. ಇದು ದೊಡ್ಡ ಶಿಕ್ಷೆ, ಬೇಕಾದರೆ ಮಾಡಿ ನೋಡಿ, ನಾಲ್ಕು ನಿಮಿಷದ್ದು ಮಾರನೇ ದಿನ ನಲವತ್ತು ಸೆಕೆಂಡಿಗೆ ಇಳಿಯುತ್ತದೆ. ಇನ್ನೊಬ್ಬರ ಸುದ್ದಿಯನ್ನು ಅವರು ಹಾಕುವ ತನಕ ನಾನು ಹಾಕುವುದಿಲ್ಲ.

ಆದರೆ ಇವೆಲ್ಲ ಬರೀ ಬೇಡಗಳು. ಬೇಡಗಳಿಂದ ನಮ್ಮಂಥವರು ಬದುಕುವುದಿಲ್ಲ. ನಮ್ಮ ಕೈಲಿ ಮಾತ್ರ ಆಗುವ ಒಂದು ಕೆಲಸ ಇದೆ, ಮೇಷ್ಟ್ರು ಅದನ್ನೇ ಹೇಳಲಿಲ್ಲ. ಸಭೆಯಲ್ಲಿ ಮೂಲೆ ಹಿಡಿದು ಕೂತವರನ್ನು ಕೈಹಿಡಿದು ಎಳೆದು ತಂದು, "ಇವರು ನೋಡಿ, ನೀವು ಹುಡುಕುತ್ತಿದ್ದವರು" ಅಂತ ಪರಿಚಯಿಸುವವರು ಯಾರು? ನಾವೇ. ಅದನ್ನೇ ಇಲ್ಲೂ ಮಾಡಬಹುದು. ಪಕ್ಷಿಗಳ ಬಗ್ಗೆ ಬರೆಯುವ ಒಬ್ಬ ಗೆಳೆಯನಿದ್ದಾನೆ, ಮೂರು ಸಾಲು ಬರೆಯಲು ಮೂರು ದಿನ ತೆಗೆದುಕೊಳ್ಳುವವನು. ಅವನ ಪೋಸ್ಟಿಗೆ ಎರಡು ಲೈಕ್, ಅದರಲ್ಲಿ ಒಂದು ಅವನ ಹೆಂಡತಿಯದು. ಕಳೆದ ವರ್ಷ ಅವನ ಒಂದು ಬರಹದ ಕೆಳಗೆ ಒಂದು ಪ್ರಶ್ನೆ ಕೇಳಿದೆ. "ಸೂಪರ್" ಅಲ್ಲ, ನಿಜವಾದ ಪ್ರಶ್ನೆ. ಹಕ್ಕಿಗಳ ಹುಚ್ಚಿರುವ ಇನ್ನಿಬ್ಬರನ್ನು, ಮೊದಲೇ ಕೇಳಿಕೊಂಡು, ಅಲ್ಲಿಗೆ ಕರೆದೆ. ಅವತ್ತು ನಡೆದ ಹರಟೆ ರಾತ್ರಿ ಹನ್ನೊಂದರ ತನಕ ಹೋಯಿತು. ಅದರಲ್ಲಿ ನನ್ನ ಮಾತು ನಾಲ್ಕು ಸಾಲು ಇರಬೇಕು. ಈಗ ಅವರು ಮೂವರೂ ಭಾನುವಾರ ಒಟ್ಟಿಗೆ ದುರ್ಬೀನು ಹಿಡಿದು ಹೋಗುತ್ತಾರೆ. ನನ್ನನ್ನು ಕರೆಯುವುದಿಲ್ಲ. ಹಕ್ಕಿಗಳು ಹಾರಿಹೋಗುತ್ತವಂತೆ.

2018ರಲ್ಲಿ ಫೇಸ್‌ಬುಕ್ ತನ್ನ ಫೀಡಿನ ಲೆಕ್ಕಾಚಾರ ಬದಲಿಸಿ, ಜನರ ನಡುವೆ ಮಾತುಕತೆ ಹುಟ್ಟಿಸುವ ಪೋಸ್ಟುಗಳನ್ನು ಮೇಲೆ ತರುತ್ತೇನೆ ಅಂದಿತ್ತು. ಅವರ ಯಂತ್ರಕ್ಕೆ ಜಗಳವೂ ಮಾತುಕತೆಯೇ ಅನ್ನುವುದು ಬೇರೆ ದುಃಖ. ಆದರೆ ಯಾವುದರ ಕೆಳಗೆ ಮಾತು ಹಚ್ಚಬೇಕು ಅನ್ನುವುದು ನಮ್ಮ ಕೈಲೇ ಇದೆಯಲ್ಲ? ಜಗಳಕ್ಕೆ ಕಟ್ಟಿಗೆ ಒಟ್ಟುವ ಬದಲು ಹಕ್ಕಿಯವನ ಮೂರು ಸಾಲಿಗೆ ಒಟ್ಟಬಹುದು. ದಿನಕ್ಕೆ ಮೂರು ಪೋಸ್ಟ್ ಬದಲು ದಿನಕ್ಕೆ ಮೂರು ಪ್ರಶ್ನೆ ಕೇಳಿ ಅಂದಿದ್ದರೆ ನಾನು ಮೇಷ್ಟ್ರ ಕೈಕುಲುಕಿ ಬರುತ್ತಿದ್ದೆ. ಪ್ರಾಯಶಃ ಹತ್ತು ನಿಮಿಷ ಮಾತಾಡಿಯೂ ಬರುತ್ತಿದ್ದೆ.

ಅಂದಹಾಗೆ, ಗೆಳತಿಯ ವಿಷಯ ಬರೆದ ಭಾಗವನ್ನು ಹಾಕುವ ಮುಂಚೆ ಅವಳಿಗೇ ಕಳಿಸಿದೆ. ಹಾಕಲಾ, ಅಳಿಸಲಾ ಅಂತ ಕೇಳಿದೆ. ನೀಲಿ ಟಿಕ್ ಬಂದು ನಲವತ್ತು ನಿಮಿಷ ಉತ್ತರವಿಲ್ಲ. ಆ ನಲವತ್ತು ನಿಮಿಷ ನಾನು ಮನೆ ತುಂಬಾ ತಿರುಗಿದ್ದು ನೋಡಿ ಅಣ್ಣ ಮೊದಲ ಸಲ ನನ್ನ ಮೇಲೆ ಕನಿಕರಪಟ್ಟ. ಈಗ ಉತ್ತರ ಬಂತು: "ಹಾಕು. ಹೆಸರು ಬೇಡ. ಹಾಕಿದ ಮೇಲೆ ಲೈಕ್ ಎಣಿಸ್ತಾ ಕೂರಬೇಡ, ಫೋನ್ ಮಾಡು."

ಮಾಡುತ್ತಿದ್ದೇನೆ. ನಿಮ್ಮ ಕಾಮೆಂಟುಗಳಿಗೆ ನಾಳೆ ಸಿಗುತ್ತೇನೆ.