ಕುರ್ವೆ ಬಿಡಬೇಕೇ, ಉಳಿಯಬೇಕೇ?

ಸಮುದ್ರ ಏರುತ್ತಿದೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಐಗಳಕುರ್ವೆಯಂಥ ತಗ್ಗಿನ ಕುರ್ವೆಗಳ, ಅಂದರೆ ಹೊಳೆ ನಡುವಿನ ದ್ವೀಪಗಳ, ಜನರನ್ನು ಸರ್ಕಾರ ಈಗಲೇ ಎತ್ತರದ ಜಾಗಕ್ಕೆ ಸ್ಥಳಾಂತರಿಸಬೇಕೇ? ಬೆಂಗಳೂರಿನಲ್ಲಿ ನೆಲೆಸಿರುವ ಉತ್ತರ ಕನ್ನಡದ ಇಬ್ಬರ ವಾದ ಇಲ್ಲಿದೆ.

ಪರ: ಹೊತ್ತು ಮೀರುವ ಮುನ್ನ ಹೊರಡಲಿ

ಸ್ಥಳಾಂತರ ಎಂದರೆ ನಮ್ಮೂರ ಕಡೆಯವರು ಸಿಟ್ಟಾಗುತ್ತಾರೆ. ಆದರೆ ಅರ್ಧ ಸ್ಥಳಾಂತರ ಆಗಲೇ ಆಗಿಹೋಗಿದೆ. ಓದಿದ ಮಕ್ಕಳು ಕುಮಟಾದಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದಿದ್ದಾರೆ, ಊರಲ್ಲಿ ಉಳಿದವರು ವಯಸ್ಸಾದವರು. ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾದರೆ ದೋಣಿಯಲ್ಲಿ ಕೊಡ ಇಟ್ಟುಕೊಂಡು ಆಚೆ ದಡಕ್ಕೆ ಹೋಗಬೇಕಾದವರೂ ಅವರೇ, ನೆರೆಯ ರಾತ್ರಿ ಅಟ್ಟ ಹತ್ತಬೇಕಾದವರೂ ಅವರೇ.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ನಡುವೆ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಇಷ್ಟೇ ತಾನೇ ಅನ್ನಿಸಬಹುದು. ಅಮಾವಾಸ್ಯೆಯ ಭರತ (ಸಮುದ್ರದ ಉಬ್ಬರ) ಮತ್ತು ಮಳೆಗಾಲದ ಹೊಳೆನೀರು ಒಟ್ಟಿಗೆ ಬಂದ ದಿನ ಒಡ್ಡು ಉಳಿಯುವುದೂ ಮುಳುಗುವುದೂ ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಇನ್ನು ತಡೆಗೋಡೆ: ಮಂಗಳೂರು ಬಳಿಯ ಉಳ್ಳಾಲದಲ್ಲಿ ಕಲ್ಲು ಸುರಿದು ನೋಡಿದ್ದೇವೆ. ಅಲೆ ಬಡಿದಂತೆ ಕಲ್ಲು ಮರಳಿನೊಳಗೆ ಇಳಿಯುತ್ತದೆ, ಕೊರೆತ ಪಕ್ಕಕ್ಕೆ ಸರಿಯುತ್ತದೆ.

ಪನಾಮಾದ ಗಾರ್ಡಿ ಸುಗ್ದುಬ್ ದ್ವೀಪದ ಗುಣಾ ಜನಾಂಗದ ಸುಮಾರು 300 ಕುಟುಂಬಗಳಿಗೆ 2024ರ ಜೂನ್‌ನಲ್ಲಿ ಎದುರಿನ ದಡದ ಹೊಸ ಊರಲ್ಲಿ ಮನೆ ಸಿಕ್ಕಿತು. ಹಳೆಯ ದ್ವೀಪ ದೋಣಿಯಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ. ನಾನು ಕೇಳುವುದೂ ಅಷ್ಟೇ. ಇಡೀ ಕೇರಿ ಚದುರದೆ ಒಟ್ಟಿಗೆ, ಹೊಳೆಗೆ ಹತ್ತಿರದಲ್ಲೇ ನೆಲೆಸಲಿ. ಜಾಗಕ್ಕೆ ಪಟ್ಟಾ, ನಲ್ಲಿ ನೀರು, ಶಾಲೆ ಮೂರೂ ಆದ ಮೇಲೆ ಹೊರಡಲಿ.

ವಿರೋಧ: ಮೊದಲು ಹೊಳೆಯನ್ನು ಅದರ ಪಾಡಿಗೆ ಬಿಡಿ

ಪಟ್ಟಾ ಸಿಕ್ಕ ಮೇಲೆ ಹೊರಡುವುದು ಕೇಳಲು ಚೆನ್ನ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಮನೆ, ಗದ್ದೆ ಕಳೆದುಕೊಂಡ ಸಾವಿರಾರು ಕುಟುಂಬಗಳು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವು. ಅದೇ ಜಿಲ್ಲೆಯ ಜನರಿಗೆ ಮತ್ತೊಮ್ಮೆ ಗಂಟುಮೂಟೆ ಕಟ್ಟಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಜನ ಬಿಟ್ಟುಹೋದ ಕುರ್ವೆ ಖಾಲಿಯಾಗಿಯೂ ಉಳಿಯದು, ರೆಸಾರ್ಟಿನವರ ಕಣ್ಣು ಬಿದ್ದೇ ಬೀಳುತ್ತದೆ.

ಉಪ್ಪುನೀರಿನ ಜೊತೆ ಬಾಳುವುದನ್ನು ಅಘನಾಶಿನಿಯವರಿಗೆ ಯಾರೂ ಕಲಿಸಬೇಕಿಲ್ಲ. ಮಾಣಿಕಟ್ಟಾ ಕಡೆಯ ಗಜನಿಗಳಲ್ಲಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತವನ್ನೇ ನೋಡಿ. ಎದೆಮಟ್ಟ ಏಳುವ ಈ ಪೈರು ದಿನಗಟ್ಟಲೆ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ಉಪ್ಪು ತಾಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಿಗೆ ನೀರಿಗಿಳಿದವರು ತೆನೆಯನ್ನಷ್ಟೇ ಕತ್ತರಿಸುತ್ತಾರೆ. ನಿಂತ ಹುಲ್ಲು ಅಲ್ಲೇ ಕೊಳೆತು ಮೀನು, ಸಿಗಡಿಗೆ ಮೇವು. ಭರತ, ಇಳಿತ ನೋಡಿ ಒಡ್ಡಿನ ಬಾಗಿಲು ಹಾಕಿ ತೆಗೆಯುತ್ತಿದ್ದವರು ಊರವರೇ. ಸಿಗಡಿ ಕೃಷಿಯ ಲಾಭ ಕಂಡು ಗಜನಿಗಳು ಗುತ್ತಿಗೆಗೆ ಹೋದವು, ಬಾಗಿಲು ಕಾಯುವ ಕೆಲಸ ಹಾಳುಬಿತ್ತು, ಒಡ್ಡು ಒಡೆಯಿತು. ಇದಕ್ಕೆ ಸಮುದ್ರವನ್ನೊಂದೇ ದೂರಿದರೆ ನ್ಯಾಯವಲ್ಲ.

ಒಡ್ಡು ಕಟ್ಟಿಸಿ, ಕಗ್ಗಕ್ಕೆ ಬೆಲೆ ಕೊಡಿಸಿ, ಮನೆ ಮನೆಗೆ ಮಳೆನೀರಿನ ತೊಟ್ಟಿ ಮಾಡಿಸಿ. ಒಡ್ಡಿನ ಹೊರಗೆ ಕಾಂಡ್ಲಾ (ಮ್ಯಾಂಗ್ರೋವ್) ನೆಡಿ. ಅದರ ಬೇರು ಹೂಳನ್ನು ಹಿಡಿದು ನೆಲವನ್ನೇ ಏರಿಸುತ್ತದೆ. ಯಾವ ಕಲ್ಲಿನ ಗೋಡೆಯೂ ಇದನ್ನು ಮಾಡಲಾರದು.

ಆದರೆ ಆ ಹೂಳು ತರುವುದೂ, ಉಪ್ಪನ್ನು ಹಿಂದಕ್ಕೆ ತಳ್ಳುವುದೂ ಹೊಳೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಅದರ ಅಳಿವೆ ಇಂದಿಗೂ ಜೀವಂತವಾಗಿರಲು ಅದೇ ದೊಡ್ಡ ಕಾರಣ. ಇಲ್ಲಿ ಬೆಂಗಳೂರಿನಲ್ಲೋ, ಪಶ್ಚಿಮಕ್ಕೆ ಹರಿಯುವ ನೀರು ಸಮುದ್ರ ಸೇರಿ ವ್ಯರ್ಥ ಎಂಬ ಮಾತು ಬೇಸಿಗೆ ಬಂದಾಗಲೆಲ್ಲ ಏಳುತ್ತದೆ. 2019ರಲ್ಲಿ ಶರಾವತಿಯನ್ನು ಇಲ್ಲಿಗೆ ತರುವ ಪ್ರಸ್ತಾಪ ಕೇಳಿ ಮಲೆನಾಡು ಬೀದಿಗಿಳಿಯಿತು. ಮೇಲೆ ಹೊಳೆ ತಿರುಗಿಸಿದರೆ ಕೆಳಗೆ ಉಪ್ಪು ಬಾವಿಗೇ ಬರುತ್ತದೆ. ಆಮೇಲೆ ಅದೇ ಬಾವಿ ತೋರಿಸಿ ಸ್ಥಳಾಂತರ ಅನಿವಾರ್ಯ ಎನ್ನುತ್ತಾರೆ.

ಊರು ಬಿಟ್ಟು ಇಲ್ಲಿಗೆ ಬಂದ ನಾವು ವಿಧಾನಸೌಧದ ಮುಂದೆ ಕೇಳಬೇಕಾದದ್ದು ಇದು: ನದಿ ತಿರುಗಿಸುವ ಯಾವುದೇ ಯೋಜನೆಯ ವರದಿಯಲ್ಲಿ ಅಳಿವೆಯ ಉಪ್ಪಿನಂಶದ ಲೆಕ್ಕ ಇರಲಿ, ಮತ್ತು ಆ ವರದಿ ಕುರ್ವೆಯ ಜನರ ಮುಂದೆ ಕನ್ನಡದಲ್ಲಿ ಓದಿ ಒಪ್ಪಿಗೆಯಾಗುವ ತನಕ ಒಂದು ಹಾರೆಯೂ ನೆಲಕ್ಕೆ ತಾಗದಿರಲಿ.